ಚೌಳು ಗದ್ದೆಗೆ ಉಪ್ಪು ತಡೆಯುವ ಭತ್ತ

ಪ್ರಶ್ನೆ: ಸಿಂಧನೂರು ಭಾಗದಲ್ಲಿ ಕಾಲುವೆ ಕೊನೆಯ ನಮ್ಮ ಗದ್ದೆಯಲ್ಲಿ ಬಿಳಿ ಉಪ್ಪು ಏಳುತ್ತದೆ. ನಾಟಿಯಾದ ಎರಡೇ ವಾರಕ್ಕೆ ಎಲೆ ತುದಿ ಬೆಳ್ಳಗಾಗಿ ಸುರುಳಿ ಸುತ್ತುತ್ತದೆ. ‘ಸಾಲ್ಟಾಲ್’ ಇರುವ ಭತ್ತ ಹಾಕಿದರೆ ಬದುಕೀತೇ? ಅದು ಕುಲಾಂತರಿಯೇ?

ಉತ್ತರ: ಕುಲಾಂತರಿ ಅಲ್ಲ. ಸಾಲ್ಟಾಲ್ ಎಂಬುದು ಕೇರಳದ ಪೊಕ್ಕಾಳಿ ಭತ್ತದ 1ನೇ ವರ್ಣತಂತುವಿನ ಒಂದು ಭಾಗ. ಮಾಮೂಲಿ ಸಂಕರಣದಿಂದಲೇ ಅದನ್ನು ಬೇರೆ ತಳಿಗೆ ತರುತ್ತಾರೆ. ಪ್ರತಿ ಪೀಳಿಗೆಯಲ್ಲೂ ಡಿಎನ್‌ಎ ಗುರುತು ನೋಡಿ ಸಸಿ ಆರಿಸುತ್ತಾರೆ. ಅಲ್ಲಿರುವ ಎಚ್‌ಕೆಟಿ ಜೀನ್, ಬೇರಿನಿಂದ ಮೇಲೇರುವ ನೀರಿನಲ್ಲಿನ ಸೋಡಿಯಂ ಅನ್ನು ದಾರಿಯಲ್ಲೇ ಹಿಂದಕ್ಕೆಳೆದುಕೊಳ್ಳುತ್ತದೆ, ಎಲೆಗೆ ಹೋಗಗೊಡುವುದಿಲ್ಲ. ನಿಮ್ಮ ಪೈರಿನಲ್ಲಿ ಆ ತಡೆ ಸಾಲದೆ ಎಲೆ ತುದಿ ಸುಡುತ್ತಿದೆ.

ಆದರೆ ಸಾಲ್ಟಾಲ್‌ನ ಬಲ ಮುಖ್ಯವಾಗಿ ಸಸಿ ಹಂತದಲ್ಲಿ. ಹೂ ಬಿಡುವಾಗ ಉಪ್ಪೇರಿದರೆ ಕಾಳು ಜೊಳ್ಳಾಗುತ್ತದೆ. ಹಾಗಾಗಿ ಬೀಜಕ್ಕೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಇಸಿ (ಮಣ್ಣಿನ ಉಪ್ಪಿನ ಅಳತೆ) 4ಕ್ಕಿಂತ ಹೆಚ್ಚು, ಪಿಎಚ್ (ಹುಳಿ-ಕ್ಷಾರದ ಅಳತೆ) 8.5ಕ್ಕಿಂತ ಕಡಿಮೆ ಇದ್ದರೆ ಅದು ಉಪ್ಪಿನ ಚೌಳು. ಬಸಿಗಾಲುವೆ ತೋಡಿ, ಸಿಹಿನೀರು ನಿಲ್ಲಿಸಿ ಬಸಿಯಬೇಕು. ಇಲ್ಲಿ ಜಿಪ್ಸಂ ಸುರಿಯುವುದು ದುಡ್ಡು ದಂಡ. ಜಿಪ್ಸಂ ಬೇಕಾಗುವುದು ಪಿಎಚ್ 8.5 ದಾಟಿದ ಕ್ಷಾರ ಮಣ್ಣಿಗೆ.

ಹರಿಯಾಣದ ಕರ್ನಾಲ್ ಸಂಶೋಧನಾ ಸಂಸ್ಥೆಯ ಸಿಎಸ್‌ಆರ್ 36 ಭತ್ತದ ತಳಿ ಉಪ್ಪು, ಕ್ಷಾರ ಎರಡನ್ನೂ ತಾಳುತ್ತದೆ. ನಮ್ಮ ಕುಮಟಾ ಗಜನಿಯ (ಕರಾವಳಿಯ ಉಪ್ಪುನೀರ ತಗ್ಗು ಗದ್ದೆ) ಕಗ್ಗ ಭತ್ತ ಉಪ್ಪುನೀರಿಗೆ ಗಟ್ಟಿ, ಆದರೆ ಅದು ಹಿನ್ನೀರ ಗದ್ದೆಯದ್ದು. ಯಾವ ತಳಿಯಾದರೂ 30–35 ದಿನದ ಬಲಿತ ಸಸಿ ಹಾಕಿ, ಗುಣಿಗೆ 3–4. ಎಳೆ ಸಸಿ ಮೊದಲು ಸಾಯುತ್ತದೆ. ಎಕರೆಗೆ 10 ಕೆ.ಜಿ. ಸತುವಿನ ಸಲ್ಫೇಟ್ ಕೊಡಿ. ನಾಟಿಯ ನಂತರ ಗದ್ದೆ ಒಣಗಲು ಬಿಡಬೇಡಿ, ಒಣಗಿದರೆ ಕೆಳಗಿನ ಉಪ್ಪು ಮೇಲೇರುತ್ತದೆ.