ಪೀಬಾಡಿ, ಹಾಪ್ಕಿನ್ಸ್ ಎರಡೂ ಒಂದೇನಾ?

ತೀರ್ಥಹಳ್ಳಿಯಿಂದ ಕೇಳಿದವರಿಗೆ: ಮಗಳಿಗೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕರೆ ಪೀಬಾಡಿಯ ವಯೊಲಿನ್ ಪದವಿಯೂ ಜೊತೆಗೇ ಸಿಗುತ್ತದಾ ಅಂದಿರಲ್ಲ, ಇಲ್ಲ. ಪೀಬಾಡಿ ಬಾಲ್ಟಿಮೋರ್‌ನಲ್ಲಿ 1857ರಲ್ಲೇ ಹುಟ್ಟಿದ ಸಂಗೀತ ಸಂಸ್ಥೆ. ಹಾಪ್ಕಿನ್ಸ್ ಜೊತೆ ಸೇರಿದ್ದು 1977ರಲ್ಲಿ. ಎರಡು ಪದವಿ ಒಟ್ಟಿಗೆ ಮಾಡಬಹುದು, ಆದರೆ ಎರಡೂ ಕಡೆ ಬೇರೆ ಬೇರೆಯಾಗಿ ಸೀಟು ಗಿಟ್ಟಿಸಬೇಕು.

ಕರ್ನಾಟಕ ಸಂಗೀತ ಎಷ್ಟೇ ಚೆನ್ನಾಗಿ ಬಂದರೂ ಪೀಬಾಡಿಯ ಆಡಿಷನ್‌ಗೆ, ಅಂದರೆ ಸೀಟಿಗಾಗಿ ಪಾಶ್ಚಾತ್ಯ ಶೈಲಿಯಲ್ಲಿ ನುಡಿಸಿ ತೋರಿಸುವುದಕ್ಕೆ, ಸಾಲದು. ನಮ್ಮಲ್ಲಿ ನೆಲದ ಮೇಲೆ ಕೂತು, ವಯೊಲಿನ್ ತುದಿಯನ್ನು ಬಲಗಾಲಿನ ಮೇಲಿಟ್ಟು, ನಾಲ್ಕು ತಂತಿಗೆ ಸ-ಪ-ಸ-ಪ ಶ್ರುತಿ. ಅಲ್ಲಿ ನಿಂತು, ತಂತಿಗೆ ಜಿ-ಡಿ-ಎ-ಇ ಸ್ವರಗಳು. ಗಮಕಕ್ಕೆ, ಅಂದರೆ ಸ್ವರವನ್ನು ತೂಗಿ ಬಳುಕಿಸುವುದಕ್ಕೆ, ಜಾರಿ ಜಾರಿ ಪಳಗಿದ ಬೆರಳು ಅಲ್ಲಿ ಸುಮ್ನೆ ಜಾರುವಂತಿಲ್ಲ. ಕಷ್ಟ ಇರುವುದೇ ಇಲ್ಲಿ.

ಆಡಿಷನ್‌ಗೆ ರೆಕಾರ್ಡಿಂಗ್ ಮಾಡುವುದಾದರೆ ಮಳೆಗಾಲದಲ್ಲಿ ಬೇಡ ಮಾರಾಯ್ರೆ. ತಗಡಿನ ಮಾಡಿನ ಸದ್ದು ಹಾಗಿರಲಿ, ತೇವಕ್ಕೆ ತಂತಿ ಬಿಗಿಯುವ ಬಿರಡೆ ಉಬ್ಬಿ ತಿರುಗುವುದೇ ಇಲ್ಲ.