ಬೀದರ್‌ನ ಗುಜರಿ ಅಂಗಡಿಯಲ್ಲಿ ಸಿಕ್ಕ ಹಳೆಯ ಎಚಿಂಗ್ (ಲೋಹದ ತಗಡಿನಲ್ಲಿ ಆಸಿಡ್‌ನಿಂದ ಗೆರೆ ಕೊರೆದು ಕಾಗದಕ್ಕೆ ಅಚ್ಚೊತ್ತಿದ) ಚಿತ್ರದಲ್ಲಿ ಎರಡು ಸಹಿ ಇವೆ. ಕಲಾವಿದರು ಕೈಯಾರೆ ಹಾಕಿದ್ದು ಯಾವುದು?

ಚಿತ್ರದ ಕೆಳಗೆ, ಖಾಲಿ ಅಂಚಿನಲ್ಲಿ ಪೆನ್ಸಿಲ್‌ನಿಂದ ಹಾಕಿದ್ದು. ಒಳಗಿನದು ತಗಡಿನ ಮೇಲೇ ಗೀಚಿದ ಸಹಿ, ಎಲ್ಲಾ ಪ್ರತಿಯಲ್ಲೂ ಅಚ್ಚಾಗುತ್ತದೆ.

ನಿಮ್ಮೂರಿನ ಬಿದರಿಯವರು ಕೊರೆದ ಗೆರೆಗೆ ಬೆಳ್ಳಿ ತಂತಿ ಕೂರಿಸುತ್ತಾರಲ್ವಾ? ಇಲ್ಲಿ ಆಸಿಡ್ ಕೊರೆದ ಗೆರೆಗೆ ಶಾಯಿ ತುಂಬಿ, ಒದ್ದೆ ಕಾಗದ ಇಟ್ಟು ಪ್ರೆಸ್‌ನಲ್ಲಿ ಜೋರಾಗಿ ಒತ್ತುತ್ತಾರೆ. ಆಗ ತಗಡಿನ ಅಂಚು ಕಾಗದದಲ್ಲಿ ತಗ್ಗಾಗಿ ಉಳಿಯುತ್ತದೆ. ಫ್ರೇಮ್ ಬಿಚ್ಚಿ ಬೆರಳಾಡಿಸಿ ನೋಡಿ. ತಗ್ಗಿಲ್ಲದೆ, ಭೂತಗನ್ನಡಿಯಲ್ಲಿ ಬರೀ ಚುಕ್ಕಿ ಕಂಡರೆ ಅದು ಸುಮ್ನೆ ಆಫ್‌ಸೆಟ್ ಮುದ್ರಣ.

ಅಂಚಿನಲ್ಲಿ 12/50 ಅಂತಿದ್ದರೆ 50 ಪ್ರತಿಗಳಲ್ಲಿ 12ನೆಯದು. ನಮ್ಮ ದೇಶದ ಎಚಿಂಗ್ ಕಲಾವಿದರ ಬಗ್ಗೆ ಓದಬೇಕೆಂದರೆ ಮುಕುಲ್ ಡೇ ಅವರಿಂದ ಶುರು ಮಾಡಿ. 1916ರಲ್ಲೇ ಅಮೆರಿಕಕ್ಕೆ ಹೋಗಿ ಈ ಕೆಲಸ ಕಲಿತವರು.