ಜಪಾನಿನ ಕುಂಚಕ್ಕೆ ಅಷ್ಟು ಮನ್ನಣೆ ಏಕೆ?

ಪ್ರಶ್ನೆ: ಜಪಾನಿನಿಂದ ಬಂದ ಬಂಧುವೊಬ್ಬರು ನನ್ನ ಮಗಳಿಗೆ ಕುಮಾನೋ ಎಂಬ ಊರಿನ ಮೇಕಪ್ ಕುಂಚವನ್ನೂ ಇಮಾಬಾರಿಯ ಟವೆಲನ್ನೂ ಉಡುಗೊರೆ ಕೊಟ್ಟರು. ನೋಡುವುದಕ್ಕೆ ಎರಡೂ ಸಾಧಾರಣವಾಗಿವೆ. ಜನ ಇಂಥವಕ್ಕೆ ಮುಗಿಬೀಳುವುದು ಜಪಾನ್ ಎಂಬ ಹೆಸರಿಗೋ, ಅಂದವಾದ ಪೊಟ್ಟಣಕ್ಕೋ?

ಉತ್ತರ: ಹೆಸರಿನ ಪಾಲೂ ಇದೆ, ಪೊಟ್ಟಣದ ಪಾಲೂ ಇದೆ. ಆದರೆ ಕುಂಚದ ತುದಿಯನ್ನು ಒಮ್ಮೆ ಕೆನ್ನೆಗೆ ತಾಗಿಸಿ ನೋಡಲು ಮಗಳಿಗೆ ಹೇಳಿ. ಕೂದಲನ್ನು ಕಟ್ಟಿದ ಮೇಲೆ ಕತ್ತರಿಯಾಡಿಸಿ ತುದಿಯನ್ನು ಸಮ ಮಾಡುವುದು ಸುಲಭದ ದಾರಿ. ಹಾಗೆ ಕತ್ತರಿಸಿದ ಕೂದಲು ಮೊಂಡಾಗಿ ಚರ್ಮಕ್ಕೆ ಚುಚ್ಚುತ್ತದೆ. ಹಿರೋಷಿಮಾ ಪ್ರಾಂತ್ಯದ ಕುಮಾನೋದಲ್ಲಿ ತುದಿಗೆ ಕತ್ತರಿ ಮುಟ್ಟಿಸುವುದಿಲ್ಲ. ಆಡು, ಅಳಿಲು ಮುಂತಾದ ಪ್ರಾಣಿಗಳ ಕೂದಲಿನಲ್ಲಿ ತಲೆಕೆಳಗಾದವನ್ನೂ ತುದಿ ಮುರಿದವನ್ನೂ ಬೆರಳಿನ ಸ್ಪರ್ಶದಿಂದಲೇ ಗುರುತಿಸಿ ತೆಗೆದುಹಾಕಿ, ಉಳಿದವನ್ನು ಕೊಮಾ ಎಂಬ ಪುಟ್ಟ ಮರದ ಅಚ್ಚಿನೊಳಗೆ ಇಳಿಸಿ, ಮೆಲ್ಲನೆ ತಟ್ಟುತ್ತಾ ಬೇಕಾದ ಆಕಾರಕ್ಕೆ ತರುತ್ತಾರೆ. ಹುಟ್ಟಿನಿಂದ ಬಂದ ಸಣ್ಣ ಮೊನೆ ಹಾಗೆಯೇ ಉಳಿಯುವುದರಿಂದ ಪುಡಿ ಮುಖದ ಮೇಲೆ ತೆಳುವಾಗಿ ಹರಡುತ್ತದೆ. ಈ ಊರಿನವರು ಮೂಲತಃ ಬರವಣಿಗೆಯ ಕುಂಚ ಮಾಡುತ್ತಿದ್ದವರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಶಾಲೆಗಳಲ್ಲಿ ಅಕ್ಷರಕಲೆಯ ಪಾಠ ನಿಂತು ಬೇಡಿಕೆ ಕುಸಿದಾಗ, ಅದೇ ಕೈಚಳಕವನ್ನು ಚಿತ್ರಕಲೆಯ ಮತ್ತು ಮೇಕಪ್‌ನ ಕುಂಚಗಳತ್ತ ತಿರುಗಿಸಿ ಬದುಕಿಕೊಂಡರು. 2011ರಲ್ಲಿ ವಿಶ್ವಕಪ್ ಗೆದ್ದ ಜಪಾನಿನ ಮಹಿಳಾ ಫುಟ್‌ಬಾಲ್ ತಂಡಕ್ಕೆ ಸರ್ಕಾರ ರಾಷ್ಟ್ರೀಯ ಗೌರವದ ಜೊತೆಗೆ ಕೊಟ್ಟ ಉಡುಗೊರೆಯೂ ಕುಮಾನೋದ ಮೇಕಪ್ ಕುಂಚಗಳೇ.

ಟವೆಲಿನ ಮಾತು ಇನ್ನೂ ಸರಳ. ಎಹಿಮೆ ಪ್ರಾಂತ್ಯದ ಇಮಾಬಾರಿಯ ತಯಾರಕರು ಅಗ್ಗದ ಆಮದಿನ ಹೊಡೆತಕ್ಕೆ ಸಿಕ್ಕಿ ನಲುಗಿದ್ದ ಕಾಲದಲ್ಲಿ, 2006ರಿಂದೀಚೆಗೆ, ಊರಿನ ಹೆಸರಿನಲ್ಲೇ ಒಂದು ಮುದ್ರೆಯನ್ನು ರೂಪಿಸಿಕೊಂಡರು. ಅದನ್ನು ಪಡೆಯಬೇಕಾದರೆ ಟವೆಲಿನ ಒಂದು ಸೆಂಟಿಮೀಟರ್ ಚೌಕದ ತುಣುಕು ನೀರಿನಲ್ಲಿ ಬಿಟ್ಟ 5 ಸೆಕೆಂಡುಗಳೊಳಗೆ ಮುಳುಗತೊಡಗಬೇಕು. ಗ್ರಾಹಕನ ಮೆಚ್ಚುಗೆಗೆ ಇಂಥ ಪರೀಕ್ಷೆಗಿಂತ ಗಟ್ಟಿಯಾದ ಕಾರಣ ನನಗೆ ಕಾಣದು. (ಒಗೆಯುವಾಗ ಮೃದುಗೊಳಿಸುವ ದ್ರವವನ್ನು ಸುರಿದರೆ ನೀರು ಹೀರುವ ಗುಣ ಕುಂದುತ್ತದೆ, ಆಗ ಇಮಾಬಾರಿಯನ್ನು ದೂರಬೇಡಿ.)

ಪ್ರಶ್ನೆ: ಹಾಗಾದರೆ ‘ಬಿಹಾಕು’ ಎಂದು ಬರೆದಿರುವ ಜಪಾನಿನ ಕ್ರೀಮನ್ನೂ ಕಣ್ಣು ಮುಚ್ಚಿ ಕೊಳ್ಳಬಹುದೇ?

ಉತ್ತರ: ಬೇಡ. ಆ ಪದಕ್ಕೆ ‘ಸುಂದರ ಬಿಳುಪು’ ಎಂಬ ಅರ್ಥವಿದ್ದರೂ, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್‌ನ ಉತ್ಪತ್ತಿಯನ್ನು ತಗ್ಗಿಸಿ ಕಲೆಗಳು ಮೂಡದಂತೆ ತಡೆಯುತ್ತದೆ ಎಂಬಷ್ಟನ್ನೇ ತಯಾರಕರು ಹೇಳಿಕೊಳ್ಳಲು ಅಲ್ಲಿನ ನಿಯಮ ಬಿಡುತ್ತದೆ. ಮೈಬಣ್ಣವೇ ಬದಲಾಗುತ್ತದೆ ಎನ್ನುವಂತಿಲ್ಲ. ಇಂಥವು ಸಾಮಾನ್ಯವಾಗಿ ಔಷಧಕ್ಕೂ ಸೌಂದರ್ಯವರ್ಧಕಕ್ಕೂ ನಡುವಿನ ಒಂದು ವರ್ಗಕ್ಕೆ ಸೇರಿದ್ದು, ಸರ್ಕಾರದ ಅನುಮೋದನೆ ಪಡೆದೇ ಮಾರುಕಟ್ಟೆಗೆ ಬರುತ್ತವೆ. ಹಾಗಿದ್ದೂ, ಅನುಮೋದನೆ ಪಡೆದಿದ್ದ ರೊಡೊಡೆಂಡ್ರಾಲ್ ಎಂಬ ಅಂಶವಿದ್ದ ಕ್ರೀಮು, ಲೋಷನ್‌ಗಳಿಂದ ಬಳಕೆದಾರರ ಚರ್ಮದಲ್ಲಿ ಬಿಳಿ ಮಚ್ಚೆಗಳು ಎದ್ದು, 2013ರಲ್ಲಿ ಅವನ್ನೆಲ್ಲ ಹಿಂದಕ್ಕೆ ಪಡೆಯಬೇಕಾಯಿತು. ಟವೆಲನ್ನು ನೀರಿನ ಬಟ್ಟಲಿನಲ್ಲಿ ನೀವೇ ಪರೀಕ್ಷಿಸಬಹುದು, ಕುಂಚವನ್ನು ಕೆನ್ನೆಗೆ ಒತ್ತಿ ನೋಡಬಹುದು. ಕ್ರೀಮಿನ ಗುಣ ತಿಳಿಯುವುದು ವಾರಗಳ ನಂತರ. ಆದ್ದರಿಂದ ಮೊದಲು ಮೊಣಕೈಯ ಒಳಮಗ್ಗುಲಲ್ಲಿ ಸ್ವಲ್ಪವೇ ಹಚ್ಚಿ ಕೆಲವು ದಿನ ಗಮನಿಸಿ. ಉರಿ, ತುರಿಕೆ ಅಥವಾ ಬಣ್ಣದಲ್ಲಿ ವ್ಯತ್ಯಾಸ ಕಂಡರೆ ಅಲ್ಲಿಗೇ ನಿಲ್ಲಿಸಿ ಚರ್ಮರೋಗ ತಜ್ಞರಿಗೆ ತೋರಿಸಿ. ಹೋಗುವಾಗ ಕ್ರೀಮಿನ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.